ದಡ ಹಿಡಿದು ದಕ್ಷಿಣಕ್ಕೆ

ಎಳ್ಳಮಾವಾಸ್ಯೆಯ ಮರುದಿನ ನಸುಕಿನಲ್ಲಿ ಭೀಮಾ ನದಿಯ ಮೇಲೆ ಮಂಜು ಇನ್ನೂ ಕರಗಿರುವುದಿಲ್ಲ. ಇಂಡಿ ತಾಲ್ಲೂಕಿನ ನದಿಯ ದಂಡೆಯ ಹಳ್ಳಿಯೊಂದರ ಪ್ರೌಢಶಾಲೆಯ ಮುಂದೆ ಬಾಡಿಗೆಯ ಬಸ್ಸೊಂದು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಒಂಬತ್ತನೆಯ ಇಯತ್ತೆಯ ಮಕ್ಕಳು, ಮುಖ್ಯೋಪಾಧ್ಯಾಯಿನಿ, ಇಬ್ಬರು ಶಿಕ್ಷಕರು, ಜೊತೆಗೆ ಬರುತ್ತೇವೆಂದು ಹಟ ಹಿಡಿದ ನಾಲ್ವರು ಪಾಲಕರು ಸೇರಿ ಒಟ್ಟು ಮೂವತ್ತೆಂಟು ಮಂದಿ. ಎಲ್ಲರ ತಲೆಗೂ ಮಫ್ಲರು, ಎಲ್ಲರ ಚೀಲದಲ್ಲೂ ಹಿಂದಿನ ದಿನದ ಚರಗದ ಬುತ್ತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕಡಬು. ಚಳಿಗಾಲದ ಈ ಅಡುಗೆಗೆ ಎರಡು ದಿನವಾದರೂ ರುಚಿ ಕೆಡುವುದಿಲ್ಲ. ಎರಡನೆಯ ದಿನವೇ ಹೆಚ್ಚು ರುಚಿ ಎನ್ನುವವರೂ ಉಂಟು.

ಹೋಗಬೇಕಾದದ್ದು ದಕ್ಷಿಣಕ್ಕೆ. ಭೀಮೆಯಿಂದ ಕೃಷ್ಣೆಗೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಹೀಗೆ ಹಳೆಯ ವಿಜಾಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ದಾಟಿ ಕೂಡಲಸಂಗಮ. ನಡುವೆ ಕೊಲ್ಹಾರದ ಹತ್ತಿರ ಮೋಟಾರು ದೋಣಿಯಲ್ಲಿ ಹಿನ್ನೀರಿನ ಒಂದು ಸುತ್ತು. ಮಕ್ಕಳಿಗೆ ಬೇಕಾಗಿದ್ದುದು ಈ ದೋಣಿಯೊಂದೇ. ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ದೋಣಿಗೆ ಹೋಗುವ ದಾರಿ.

ಭೀಮೆಯ ಮಕ್ಕಳಿಗೆ ನೀರು ಹೊಸದಲ್ಲ ಎನ್ನಬಹುದು. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ಹೊಲಗಳನ್ನೆಲ್ಲ ನುಂಗಿದ್ದನ್ನು ಅವರು ಕಂಡವರೇ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಈ ನದಿಗೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆ ಅಡ್ಡವಾಗಿದೆ. ಅಲ್ಲಿ ಬಾಗಿಲು ತೆರೆದರೆ ಇಲ್ಲಿ ಹೊಳೆ, ಮುಚ್ಚಿದರೆ ಇಲ್ಲಿ ಉಸುಕು. ಬಂದರೆ ಕೆಸರುಗೆಂಪಾಗಿ ಬರುವ, ಹೋದರೆ ಗುಂಡಿಗಳಲ್ಲಿ ಮಾತ್ರ ನಿಲ್ಲುವ ನೀರು ಅವರಿಗೆ ಗೊತ್ತು. ಕಣ್ಣು ಹಾಯುವ ತನಕ ನೀಲಿಯಾಗಿ, ಸುಮ್ಮನೆ ನಿಂತಿರುವ ನೀರು ಗೊತ್ತಿಲ್ಲ.

ಬಸ್ಸು ಇಂಡಿ ಪಟ್ಟಣವನ್ನು ದಾಟುವಾಗ ಲಿಂಬೆಯ ತೋಟಗಳು ಎರಡೂ ಬದಿಗೆ ಬಂದುವು. ಭೌಗೋಳಿಕ ಗುರುತು ಪಡೆದ ಲಿಂಬೆ ಇದು. ಇದೇ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಗೆಳೆಯರು ಕುಟ್ಟುವ, ಬೀಸುವ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ್ದನ್ನು ಕನ್ನಡ ಶಿಕ್ಷಕರು ಹೇಳಿದರು. ಅರ್ಧ ಬಸ್ಸು ನಿದ್ದೆಯಲ್ಲಿತ್ತು. ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ತಾಯಿ ಮಾತ್ರ ಎಚ್ಚರವಾಗಿದ್ದರು. ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಮಗಳು ಪಕ್ಕದಲ್ಲಿ ತೂಕಡಿಸುತ್ತಿದ್ದಳು. ಈ ತಾಯಿಯ ತವರೂರು ಕೃಷ್ಣೆಯ ದಂಡೆಯದು. ಆದರೆ ಅವರು ಇಪ್ಪತ್ತೈದು ವರ್ಷಗಳಿಂದ ತವರಿಗೆ ಹೋಗಿಲ್ಲ, ಹೋಗುವಂತಿಲ್ಲ. ಊರು ನೀರಿನಡಿಯಲ್ಲಿದೆ.

ಸಿಂದಗಿಯ ಕಡೆಗೆ ಹೊರಳಿದರೆ ನೆಲ ಕಪ್ಪಾಗುತ್ತ ಹೋಗುತ್ತದೆ. ಎರೆಭೂಮಿ. ಮಳೆ ಇಲ್ಲಿ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚುವಂತಿಲ್ಲ. ಆದರೂ ಹಿಂಗಾರಿ ಜೋಳ ಡಿಸೆಂಬರಿನಲ್ಲಿ ಎದೆಯುದ್ದ ನಿಲ್ಲುತ್ತದೆಂದರೆ ಅದಕ್ಕೆ ಕಾರಣ ಈ ಮಣ್ಣಿನ ಜೇಡಿ. ಸೆಪ್ಟೆಂಬರಿನ ಮಳೆಯನ್ನು ಹೀರಿ, ಉಬ್ಬಿ, ಬಾಯಿ ಮುಚ್ಚಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ಚಳಿಗಾಲದ ಇಬ್ಬನಿ, ಒಳಗಿನ ತೇವ ಇವೆರಡರ ಮೇಲೆಯೇ ಬೆಳೆ ತೆನೆಗಟ್ಟುತ್ತದೆ. ತೇವ ಆರಿದ ಮೇಲೆ ನೆಲ ಬಿರಿಯುತ್ತದೆ; ಆ ಬಿರುಕಿನಲ್ಲಿ ಮಕ್ಕಳ ಕೈ ಮೊಳಕೈವರೆಗೆ ಇಳಿಯುತ್ತದೆ. ಡೋಣಿ ನದಿಯ ಬಯಲಿನ ಎರೆ ಎಂದರೆ ಇನ್ನೂ ಹೆಚ್ಚು. ಡೋಣಿ ಸೀಮೆ ಬೆಳೆದರೆ ಓಣಿಗೆಲ್ಲ ಜೋಳ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಡೋಣಿಯ ನೀರು ಮಾತ್ರ ಉಪ್ಪು. ಹೊಳೆ ಇದ್ದೂ ಕುಡಿಯಲು ಬಾರದ ನೀರು, ಮಳೆ ಇಲ್ಲದೆಯೂ ಬೆಳೆಯುವ ಜೋಳ. ಈ ಸೀಮೆಯನ್ನು ಭೂಗೋಳದ ಪುಸ್ತಕದಿಂದಷ್ಟೇ ಅರಿಯುವುದು ಕಷ್ಟ.

ಮಡಿವಾಳ ಮಾಚಿದೇವನ ಊರು ದೇವರ ಹಿಪ್ಪರಗಿಯಲ್ಲಿ ಚಹಾ. ಅಲ್ಲಿಂದ ಬಸವನ ಬಾಗೇವಾಡಿ. ಬಸವಣ್ಣನ ಗುಡಿಯಲ್ಲಿ ಅರ್ಧ ಗಂಟೆ. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಹುಡುಗ ಈ ಊರು ಬಿಟ್ಟು ಕಲಿಯಲಿಕ್ಕೆಂದು ದಕ್ಷಿಣಕ್ಕೆ, ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಕೆ ಹೋದ. ಆ ಸಂಗಮವನ್ನು ಆಗ ಕಪ್ಪಡಿ ಸಂಗಮ ಎನ್ನುತ್ತಿದ್ದರು. ಇಂದಿನ ರಸ್ತೆಯಲ್ಲಿ ಇದು ಒಂದೆರಡು ತಾಸಿನ ದಾರಿ. ಮನೆ ಬಿಟ್ಟು ಹಾಸ್ಟೆಲಿಗೆ ಹೋಗುವ ಮುಂದಿನ ವರ್ಷದ ಯೋಚನೆ ತಲೆಯಲ್ಲಿದ್ದ ನಾಲ್ಕೈದು ಹುಡುಗರು ಈ ಮಾತನ್ನು ಕಿವಿಗೊಟ್ಟು ಕೇಳಿದರು. ಅವರ ಪಾಲಕರೊಬ್ಬರು ಇನ್ನೂ ಕಿವಿಗೊಟ್ಟು ಕೇಳಿದರು.

ಕೊಲ್ಹಾರ ಸಮೀಪಿಸಿದಾಗ ಒಂಬತ್ತು ಗಂಟೆ. ಮಡಕೆಯಲ್ಲಿ ಹೆಪ್ಪು ಹಾಕಿದ ಮೊಸರಿಗೆ ಹೆಸರಾದ ಊರು. ಮಡಕೆಯ ಮಣ್ಣು ನೀರಂಶವನ್ನು ಹೀರಿ ಹೊರಗೆ ಆವಿಯಾಗಿಸುತ್ತದೆ, ಒಳಗಿನ ಮೊಸರು ಗಟ್ಟಿಯೂ ತಂಪೂ ಆಗುತ್ತದೆ. ಮುಖ್ಯೋಪಾಧ್ಯಾಯಿನಿ ಅದನ್ನು ವಿವರಿಸುವಷ್ಟರಲ್ಲಿ ಬಸ್ಸು ತಿರುವು ದಾಟಿತು. ಮಕ್ಕಳು ಒಮ್ಮೆಲೇ ಎದ್ದು ನಿಂತರು. ಎದುರಿಗೆ ಸಮುದ್ರ!

ಸಮುದ್ರವಲ್ಲ, ಆಲಮಟ್ಟಿಯ ಹಿನ್ನೀರು. ಇದರ ಮೇಲೆಯೇ ಬಾಗಲಕೋಟೆ ಜಿಲ್ಲೆಯ ಕೊರ್ತಿಯ ಕಡೆಗೆ ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ ಹೋಗಿದೆ. ಕರಾವಳಿ ಕಾಣದ ಜಿಲ್ಲೆಗೆ ಮನುಷ್ಯರೇ ಮಾಡಿಕೊಟ್ಟ ಕರಾವಳಿ ಇದು. ಕೊಲ್ಲಿಗಳಿವೆ, ಭೂಶಿರಗಳಿವೆ, ನಡುಗಡ್ಡೆಗಳಿವೆ; ಬೆಳಿಗ್ಗೆ ಬಲೆ ಎತ್ತುವ ಮೀನುಗಾರರಿದ್ದಾರೆ. ಕೊಲ್ಹಾರದಿಂದ ಆಲಮಟ್ಟಿಯ ಗೋಡೆಯ ತನಕ ಕೃಷ್ಣೆ ಸರಿಸುಮಾರು ಆಗ್ನೇಯಕ್ಕೆ ಹರಿಯುತ್ತಿದ್ದಳು. ಹೀಗಾಗಿ ಎಡದಂಡೆ ಹಿಡಿದು ಹೊರಟ ದೋಣಿ ದಕ್ಷಿಣಕ್ಕೇ ಸಾಗುತ್ತದೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲ ಬಂತೆಂದರೆ ಸಾವಿರಾರು ಜನ ತಮ್ಮ ಮೋಟಾರು ದೋಣಿಗಳನ್ನು ದಕ್ಷಿಣಕ್ಕೆ ಒಯ್ಯುತ್ತಾರೆ. ಬಯಲು ಸಮುದ್ರದ ಅಲೆಗಳಿಗೆ ಸಿಗದಂತೆ ಹಿನ್ನೀರು, ಅಳಿವೆ, ತೋಡಿದ ಕಾಲುವೆಗಳನ್ನು ಜೋಡಿಸಿ ಮಾಡಿದ ಜಲಮಾರ್ಗವೊಂದು ಅಲ್ಲಿದೆ. ವರ್ಜೀನಿಯದ ನಾರ್ಫಕ್‌ನಿಂದ ಫ್ಲಾರಿಡಾದ ಮಯಾಮಿಯವರೆಗೆ ಅದರ ಉದ್ದ ಸುಮಾರು 1,750 ಕಿಲೋಮೀಟರ್. ಹಿಮ ಬೀಳುವ ಮೊದಲು ಹೊರಟು ಬಿಸಿಲಿನ ನಾಡು ಸೇರುವವರನ್ನು ಅಲ್ಲಿ ಹಕ್ಕಿಗಳ ಹೆಸರಿನಿಂದಲೇ ಕರೆಯುತ್ತಾರೆ. ಇಂಡಿಯಿಂದ ಬಂದವರಿಗೆ ಅಷ್ಟು ದೂರವೂ ಇರಲಿಲ್ಲ, ಅಷ್ಟು ದಿನವೂ ಇರಲಿಲ್ಲ. ನಲವತ್ತು ನಿಮಿಷದ ಒಂದು ಸುತ್ತು.

ಆದರೆ ಅದು ಅಷ್ಟು ಸುಲಭಕ್ಕೆ ಆಗಲಿಲ್ಲ. ದಂಡೆಯಲ್ಲಿ ನಿಂತಿದ್ದುದು ಫೈಬರಿನ ಒಂದೇ ದೋಣಿ, ಹಿಂಬದಿಗೆ ಕಟ್ಟಿದ ಪೆಟ್ರೋಲ್ ಮೋಟಾರು. ಅಂಬಿಗ ಅರವತ್ತರ ಸಮೀಪದವನು, ಸಹಾಯಕ್ಕೆ ಮೊಮ್ಮಗ. ಅವರಿಬ್ಬರವನ್ನು ಬಿಟ್ಟರೆ ಇದ್ದ ಜೀವರಕ್ಷಕ ಜಾಕೆಟುಗಳು ಹದಿಮೂರು. ಜನ ಮೂವತ್ತೆಂಟು.

“ಹದಿಮೂರ ಮಂದಿ ಒಮ್ಮೆ. ಮೂರ ಸರ್ತಿ ಹೋಗಾಣು” ಎಂದ ಅಂಬಿಗ.

ಪಾಲಕರೊಬ್ಬರಿಗೆ ಇದು ಸರಿಬರಲಿಲ್ಲ. ಮೂರು ಸುತ್ತು ಎಂದರೆ ಎರಡು ತಾಸು. ಆಲಮಟ್ಟಿ, ಸಂಗಮ ನೋಡುವುದು ಯಾವಾಗ? “ಸಣ್ಣ ಹುಡುಗರು, ಇಪ್ಪತ್ತ ಮಂದಿ ಹಿಡೀತಾರ ಬಿಡೋ. ನಮ್ಮ ಕಾಲದಾಗ ಭೀಮಿ ದಾಟೂಮುಂದ ಯಾವ ಜಾಕೀಟ ಇತ್ತು?” ಎಂದರು. ಹುಡುಗರೂ ಹೋ ಎಂದು ದನಿಗೂಡಿಸಿದರು. ಎಲ್ಲರೂ ಒಟ್ಟಿಗೆ ಹೋಗುವುದೇ ಅವರಿಗೆ ಬೇಕಿತ್ತು.

ಅಂಬಿಗ ಜಾಕೆಟುಗಳ ರಾಶಿಯ ಮೇಲೆ ಕಾಲಿಟ್ಟು ನಿಂತ. “ಜಾಕೀಟ ಇದ್ದಷ್ಟ ತಲಿ. ಇಲ್ಲಂದ್ರ ದೋಣಿ ಬಿಡಂಗಿಲ್ಲ. ರೊಕ್ಕಾ ವಾಪಸ್ ಒಯ್ರಿ.”

ಮುಖ್ಯೋಪಾಧ್ಯಾಯಿನಿ ಅವನ ಪರವಾಗಿ ನಿಂತರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಹೀಗೆಯೇ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ದೋಣಿ ಮಗುಚಿ 12 ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ, ಎಲ್ಲರಿಗೂ ಇಲ್ಲದ ಜಾಕೆಟು. ನಮ್ಮ ಕಾರವಾರದಲ್ಲೇ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಸತ್ತರು. ಎರಡೂ ಚಳಿಗಾಲದಲ್ಲಿ, ಎರಡೂ ಹಬ್ಬ, ಪ್ರವಾಸದ ಹುರುಪಿನಲ್ಲಿ. ಇದನ್ನು ಕೇಳಿದ ಮೇಲೆ ಆ ಪಾಲಕರು ಮಾತಾಡಲಿಲ್ಲ. ಸುಮ್ಮನೆ ಹೋಗಿ ಮೊದಲನೆಯ ಸರದಿಯ ಹುಡುಗರ ಜಾಕೆಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದರು.

ಜಾಕೆಟು ಮಾಡುವ ಕೆಲಸ ಆರ್ಕಿಮಿಡೀಸನ ಪಾಠದ್ದೇ. ಮನುಷ್ಯನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇದೆ. ಆದ್ದರಿಂದ ನಾವು ಮುಳುಗುವುದು ಕಲ್ಲಿನಂತಲ್ಲ, ಕೂದಲೆಳೆಯ ವ್ಯತ್ಯಾಸದಲ್ಲಿ. ಮೂಗು ಬಾಯಿಗಳಿರುವ ತಲೆ ನಾಲ್ಕೈದು ಕಿಲೋ ತೂಗುತ್ತದೆ. ಅದನ್ನು ನೀರಿನ ಮೇಲೆ ಇಟ್ಟರೆ ಸಾಕು. ಹಗುರ ನೊರೆ ತುಂಬಿದ ಜಾಕೆಟು ತಾನು ಸರಿಸಿದ ನೀರಿನ ತೂಕದಿಂದ ಏಳೆಂಟು ಕಿಲೋದಷ್ಟು ಮೇಲಕ್ಕೆ ಎತ್ತುತ್ತದೆ. ಆದರೆ ಪಟ್ಟಿ ಬಿಗಿದಿರದಿದ್ದರೆ ಜಾಕೆಟು ತೇಲುತ್ತದೆ, ತೊಟ್ಟವನು ಕೆಳಗೆ ಜಾರುತ್ತಾನೆ. ದೋಣಿಯೊಳಗೆ ಎದ್ದು ನಿಲ್ಲಬಾರದೆನ್ನುವುದೂ ಬರೀ ಶಿಸ್ತಿನ ಮಾತಲ್ಲ. ಹದಿಮೂರು ಜನ ಕುಳಿತಾಗ ಗುರುತ್ವ ಕೇಂದ್ರ ಕೆಳಗಿರುತ್ತದೆ. ಹಕ್ಕಿ ಕಂಡಿತೆಂದು ಐದು ಜನ ಒಂದೇ ಬದಿಗೆ ಎದ್ದರೆ ಆ ಕೇಂದ್ರ ಮೇಲಕ್ಕೂ ಪಕ್ಕಕ್ಕೂ ಸರಿಯುತ್ತದೆ. ಮಿಕ್ಕದ್ದನ್ನು ನೀರು ನೋಡಿಕೊಳ್ಳುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಜಲಾಶಯದಲ್ಲಿ 45 ಜನರನ್ನು ಬಲಿತೆಗೆದುಕೊಂಡ ದುರಂತದಲ್ಲಿ ಮಗುಚಿದ ದೋಣಿಯೂ ಹೀಗೆ ಒಂದು ಬದಿಗೆ ವಾಲಿದ್ದೇ.

ಮೊದಲ ಎರಡು ಸರದಿ ಚೆನ್ನಾಗಿ ನಡೆದವು. ನೀರು ಕನ್ನಡಿಯಂತಿತ್ತು. ದೂರದಲ್ಲಿ ಬಾತುಗಳ ಹಿಂಡೊಂದು ಕಪ್ಪು ಚುಕ್ಕಿಗಳಾಗಿ ತೇಲುತ್ತಿತ್ತು. ಅಂಬಿಗ ಮೋಟಾರಿನ ಸದ್ದು ತಗ್ಗಿಸಿ ಅವುಗಳಿಂದ ದೂರವೇ ದೋಣಿ ಹೊರಳಿಸಿದ. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕೆರೆ, ಹಿನ್ನೀರುಗಳಿಗೆ ಬರುವ ಅತಿಥಿಗಳಲ್ಲಿ ಪಟ್ಟೆತಲೆ ಹೆಬ್ಬಾತಿನ ಕತೆ ಮಕ್ಕಳು ತಿಳಿಯಬೇಕಾದದ್ದು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟಿನ ಸರೋವರಗಳ ಬಳಿ. ಚಳಿ ಕಳೆಯುವುದು ಭಾರತದ ಬಯಲಿನಲ್ಲಿ. ನಡುವೆ ಹಿಮಾಲಯ. ಬೆನ್ನಿಗೆ ಉಪಗ್ರಹ ಯಂತ್ರ ಕಟ್ಟಿ ನೋಡಿದಾಗ 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಸಿಕ್ಕಿದೆ. ಆದರೆ ಬಹುತೇಕ ಹಾರಾಟ ಅದಕ್ಕಿಂತ ಕೆಳಗೆ, ಕಣಿವೆಗಳ ಏರಿಳಿತ ಅನುಸರಿಸಿಯೇ ನಡೆಯುತ್ತದೆ. ಎತ್ತರ ಏರಿದಷ್ಟೂ ಗಾಳಿ ತೆಳು, ರೆಕ್ಕೆ ಬಡಿಯುವ ಕೆಲಸ ಹೆಚ್ಚು. ಇವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗಾಗಿಯೇ ಹೆಸರಾಗಿ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಹೆಬ್ಬಾತಿಗೆ ಗಡಿಯಿಲ್ಲ, ದೋಣಿ ಬೇಡ, ಪಟ್ಟಿ ಬಿಗಿಯುವ ಮುಖ್ಯೋಪಾಧ್ಯಾಯಿನಿಯೂ ಬೇಡ.

ಮೂರನೆಯ ಸರದಿಯಲ್ಲಿ ಇದ್ದರು ಆ ತಾಯಿ ಮತ್ತು ಮಗಳು. ಹನ್ನೊಂದರ ಹೊತ್ತಿಗೆ ಮೂಡಗಾಳಿ ಎದ್ದಿತ್ತು. ಅಂಬಿಗ ಕಣ್ಣಿಗೆ ಕೈ ಅಡ್ಡ ಹಿಡಿದು ನಡುನೀರಿನ ಕಡೆ ನೋಡಿ, ಈ ಸಲ ದಂಡೆ ಬಿಟ್ಟು ಹೋಗುವುದಿಲ್ಲವೆಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಗಾಳಿ ನೀರಿನ ಮೇಲೆ ಎಷ್ಟು ದೂರ ಅಡೆತಡೆಯಿಲ್ಲದೆ ಬೀಸುತ್ತದೆಯೋ ಅಷ್ಟು ಅಲೆ ಬೆಳೆಯುತ್ತದೆ. ಮೂಡಗಾಳಿಗೆ ಮೂಡಲ ದಂಡೆಯ ಮಗ್ಗುಲಲ್ಲಿ ಅಲೆಯೇ ಇರುವುದಿಲ್ಲ. ಆಚೆ ದಂಡೆಗೆ ಹೋಗುವಷ್ಟರಲ್ಲಿ ಅದೇ ಗಾಳಿ ಮೊಳದೆತ್ತರದ ತೆರೆ ಎಬ್ಬಿಸಿರುತ್ತದೆ.

ತಾಯಿ ಆಗ ಅಂಬಿಗನಿಗೆ ತಮ್ಮೂರ ಹೆಸರು ಹೇಳಿದರು. ಅಲ್ಲಿಗೆ ಒಯ್ಯಲು ಆಗುತ್ತದೆಯೇ ಎಂದು ಕೇಳಿದರು.

ಅಂಬಿಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮನೆತನ ಕೇಳಿದ. ತಾಯಿ ಹೇಳಿದರು. “ಹಣಮಪ್ಪನ ಗುಡಿ ಹಿಂದಿನ ಓಣಿ ಏನು?” ಎಂದ. ಹೌದೆಂದರು. ಊರ ನಡುವಿಗೆ ಈ ಗಾಳಿಯಲ್ಲಿ ಆಗದು, ಬೇಕಾದರೆ ಹೊಲದ ಅಂಚಿಗೆ ಒಯ್ಯುತ್ತೇನೆ ಎಂದ. ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ನೀರಿಳಿದು ಗೋಡೆಗಳ ತಲೆ ಕಾಣುತ್ತವೆ, ಆಗ ನಡೆದೇ ಹೋಗಬಹುದು. ಈಗ ಕಾಣಿಸುವುದು ನೀರಷ್ಟೇ, ನಂತರ ಬೈಯಬೇಡ ಎಂದೂ ಹೇಳಿದ.

ಆಲಮಟ್ಟಿಯ ಕತೆಯನ್ನು ಇಲ್ಲಿ ಒಂದಿಷ್ಟು ಹೇಳಲೇಬೇಕು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟೆ ಇದು. ಅದಾದ ಹದಿನೆಂಟು ದಿನಕ್ಕೆ ಅವರು ಪ್ರಧಾನಿಯಾದರು. ಕೆಳಗಿನ ನಾರಾಯಣಪುರದ ಬಸವಸಾಗರ 1980ರ ದಶಕದ ಮೊದಲಲ್ಲೇ ಮುಗಿದರೆ ಆಲಮಟ್ಟಿ ಹಣ, ತಕರಾರು, ಕೋರ್ಟುಗಳ ನಡುವೆ ತೆವಳುತ್ತ ಬಂದು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ನಾಡಿಗೆ ಅರ್ಪಣೆಯಾಯಿತು. ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಂತಾಗ ಅದರಲ್ಲಿ ಹಿಡಿಯುವ ನೀರು 123 ಟಿ.ಎಂ.ಸಿ. ಪತ್ರಿಕೆಯಲ್ಲಿ ದಿನವೂ ಕಾಣುವ ಈ ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. ಮಹಾಬಳೇಶ್ವರದ ಕಡೆ ಜುಲೈಯಲ್ಲಿ ಸುರಿದ ಮಳೆ ಇಲ್ಲಿ ಡಿಸೆಂಬರಿನಲ್ಲಿ ನಿಂತಿರುತ್ತದೆ. ಈ ನೀರಿಗಾಗಿ ಊರುಗಳು ಎದ್ದು ಹೋದವು. ಹಳೆಯ ಕೊಲ್ಹಾರವೂ ಹೋಯಿತು. ಈಗಿನದು ಮೇಲೆ ಕಟ್ಟಿದ ಊರು. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಮಟ್ಟವನ್ನು 524.256 ಮೀಟರಿಗೆ ಏರಿಸಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಹಾಗೆ ಏರಿಸಿದರೆ ಇನ್ನಷ್ಟು ಊರುಗಳು ಏಳಬೇಕು. ದಂಡೆಯಲ್ಲಿ ಮನೆಗೆ ಸುಣ್ಣ ಬಳಿಯಲೋ ಬೇಡವೋ ಎಂದು ವರ್ಷಗಟ್ಟಲೆ ಯೋಚಿಸುವವರಿದ್ದಾರೆಂದರೆ ಅದು ಈ ನಾಲ್ಕೂವರೆ ಮೀಟರಿನ ಲೆಕ್ಕಕ್ಕೆ.

ದೋಣಿ ದಡ ಹಿಡಿದು ದಕ್ಷಿಣಕ್ಕೆ ಹೊರಟಿತು. ಮೊಮ್ಮಗ ಮುಂದೆ ಕುಳಿತು ಬಿದಿರಿನ ಗಳದಿಂದ ಆಳ ನೋಡುತ್ತಿದ್ದ. ಹಿನ್ನೀರಿನ ದೋಣಿಗೆ ಅಲೆಗಿಂತ ದೊಡ್ಡ ಶತ್ರು ಮುಳುಗಿದ ಜಾಲಿಯ ಬೊಡ್ಡೆ, ಬಾವಿಯ ಕಟ್ಟೆ, ಹೊಲದ ಒಡ್ಡು. ಮೋಟಾರಿನ ಪಂಕ ಒಂದಕ್ಕೆ ತಾಕಿದರೆ ಪಿನ್ನು ಮುರಿಯುತ್ತದೆ. ಮುರಿಯಲೆಂದೇ ಇಟ್ಟ ಮೆದು ಪಿನ್ನು ಅದು, ವಿದ್ಯುತ್ತಿನ ಫ್ಯೂಜಿನಂತೆ. ತಾನು ಮುರಿದು ಯಂತ್ರವನ್ನು ಉಳಿಸುತ್ತದೆ.

ಕಾಲು ಗಂಟೆಯ ಮೇಲೆ ಅಂಬಿಗ ಮೋಟಾರು ನಿಲ್ಲಿಸಿದ. ಎಡಕ್ಕೆ ಬೋಳುಗುಡ್ಡ, ಅದರ ಮೇಲೆ ಒಂಟಿ ಬೇವಿನ ಮರ. ಬಲಕ್ಕೆ ನೀರು. “ಆ ಬೇವಿನ ಗಿಡಾ, ಸೇತುವಿ ತುದಿ ಒಂದ ಗೆರಿ ಮ್ಯಾಲ ಬಂದ್ರ ಇದ ನಿಮ್ಮೂರ ದಾರಿ. ಇಲ್ಲಿ ಎಡಕ್ಕ ಹೊಲ” ಎಂದ. ಎರಡು ದೂರದ ಗುರುತುಗಳನ್ನು ಒಂದು ರೇಖೆಗೆ ತಂದು ನೀರಿನ ಮೇಲೆ ಸ್ಥಾನ ಹಿಡಿಯುವ ಈ ಉಪಾಯವನ್ನು ಹಡಗಿನವರೂ ಬಳಸುತ್ತಾರೆ. ಅಂಬಿಗನಿಗೆ ಯಾರೂ ಕಲಿಸಿದ್ದಲ್ಲ.

ಮಗಳು ಎಷ್ಟು ಆಳವಿದೆ ಎಂದು ಕೇಳಿದಳು. ಮೊಮ್ಮಗ ಗಳ ಇಳಿಸಿದ, ನಿಲುಕಲಿಲ್ಲ. ಕಲ್ಲು ಕಟ್ಟಿದ ಹಗ್ಗ ಬಿಟ್ಟ. ಕಲ್ಲು ತಳ ಮುಟ್ಟಿದಾಗ ಹಗ್ಗ ಸಡಿಲಾಯಿತು. ಎಳೆದುಕೊಂಡು ಎರಡೂ ಕೈ ಚಾಚಿ ಅಳೆದರೆ ನಾಲ್ಕು ಮಾರು. ಮಾರು ಎಂದರೆ ಚಾಚಿದ ತೋಳುಗಳ ಉದ್ದ, ಆರು ಅಡಿ. ಇಂಗ್ಲಿಷ್ ನಾವಿಕರ ‘ಫ್ಯಾದಮ್’ ಕೂಡ ಇದೇ, ಅದರ ಅರ್ಥವೂ ಚಾಚಿದ ತೋಳು. ಹುಡುಗಿ ಲೆಕ್ಕ ಹಾಕಿದಳು: ಇಪ್ಪತ್ನಾಲ್ಕು ಅಡಿ, ಏಳು ಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ಅಂತಸ್ತಿನ ಮನೆಯಷ್ಟು. ಹಗ್ಗದ ತುದಿಯ ಕಲ್ಲಿಗೆ ಕಪ್ಪು ಎರೆ ಮೆತ್ತಿಕೊಂಡು ಬಂದಿತ್ತು.

ತಾಯಿ ಆ ಮಣ್ಣನ್ನು ಬೆರಳಿನಿಂದ ತೆಗೆದುಕೊಂಡು ನೋಡಿದರು. ಆಮೇಲೆ ಡಬ್ಬಿ ತೆರೆದರು. ಒಳಗೆ ಚರಗ: ಕಡಬು, ರೊಟ್ಟಿಯ ಚೂರು, ಜೋಳದ ಬಾನ. ಎಳ್ಳಮಾವಾಸ್ಯೆಗೆ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ ಭೂತಾಯಿಗೆ ಉಣಿಸುವ ಎಡೆ ಅದು. ಹಸಿರು ಸೀಮಂತವೆಂದೇ ಅದನ್ನು ತಿಳಿಯುತ್ತಾರೆ; ತೆನೆ ಕಟ್ಟುವ ಹೊತ್ತಿನಲ್ಲಿ ಬಸುರಿಗೆ ಬಯಕೆಯ ಊಟ. ಗಂಡನ ಮನೆಯ ಹೊಲದಲ್ಲಿ ಹಿಂದಿನ ದಿನ ಚೆಲ್ಲಿ ಇಷ್ಟನ್ನು ಉಳಿಸಿಕೊಂಡು ತಂದಿದ್ದರು. ಕುಳಿತಲ್ಲಿಂದಲೇ, ಅಂಬಿಗ ಹೇಳಿದಂತೆ ಏಳದೆ, ಬಲಕ್ಕೆ ಒಂದು ಹಿಡಿ, ಎಡಕ್ಕೆ ಒಂದು ಹಿಡಿ ಚೆಲ್ಲಿದರು. ಮುಂದೆ ಕುಳಿತ ಹುಡುಗನೊಬ್ಬ ತಾನೇ ಕೈಯೊಡ್ಡಿ ಒಂದು ಹಿಡಿ ಇಸಿದುಕೊಂಡು ಮುಂದಕ್ಕೆ ಚೆಲ್ಲಿದ. ಅಂಬಿಗನ ಮೊಮ್ಮಗ ಹಿಂದಕ್ಕೆ. ನಾಲ್ಕು ದಿಕ್ಕೂ ಆಯಿತು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಮೀನು ಬಂದು ಬಾನದ ಅಗುಳನ್ನು ಎಳೆದವು.

ಮರಳುವಾಗ ಮಗಳು ಕೇಳಿದಳು: “ಅವ್ವಾ, ಈ ನೀರು ಎಲ್ಲಿಗೆ ಹೋಗ್ತದ?” ಉತ್ತರ ಅಂಬಿಗ ಕೊಟ್ಟ. ಆಲಮಟ್ಟಿಯಿಂದ ಕೆಳಗೆ ನಾರಾಯಣಪುರಕ್ಕೆ, ಅಲ್ಲಿಂದ ಎಡದಂಡೆ ಕಾಲುವೆಗೆ, ಕಾಲುವೆಯ ಒಂದು ಶಾಖೆ ಇಂಡಿಯ ಕಡೆಗೆ. ಇಂಡಿ ಶಾಖಾ ಕಾಲುವೆ ಎಂಬ ಹೆಸರು ಮಕ್ಕಳಿಗೆ ಗೊತ್ತಿತ್ತು. ಅದರ ತುದಿಗೆ ನೀರು ಮುಟ್ಟುವುದಿಲ್ಲ ಎಂಬ ಮನೆಯ ಜಗಳವೂ ಗೊತ್ತಿತ್ತು. ತವರ ಹೊಲದ ಮೇಲೆ ನಿಂತ ನೀರು ಗಂಡನ ಮನೆಯ ಸೀಮೆಗೆ ಹೊರಟದ್ದು ಎಂದು ತಾಯಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಅವರು ಏನೂ ಹೇಳಲಿಲ್ಲ.

ಆಲಮಟ್ಟಿಯಲ್ಲಿ ಹೆಚ್ಚು ಹೊತ್ತು ಸಿಗಲಿಲ್ಲ. 26 ಗೇಟುಗಳನ್ನು ಹುಡುಗರು ಎಣಿಸಿದರು. ವಿದ್ಯುತ್ ಮನೆಯ ಸಾಮರ್ಥ್ಯ 290 ಮೆಗಾವಾಟ್. ಗೋಡೆಯ ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಅಂತರವೇ ಅದಕ್ಕೆ ಬಂಡವಾಳ: ಮೇಲೆ 519.60, ಕೆಳಗಿನ ಬಸವಸಾಗರ ತುಂಬಿದಾಗ 492.25 ಮೀಟರ್. ಉದ್ಯಾನದ ಗೊಂಬೆಗಳ ಬಗ್ಗೆ ಬರೆಯಲು ವಿಶೇಷವೇನಿಲ್ಲ.

ಮುದ್ದೇಬಿಹಾಳ ದಾಟಿ ತಂಗಡಗಿಯ ಕಡೆ ಇಳಿಯುವಾಗ ಮೂರು ಗಂಟೆ. ರಕ್ಕಸಗಿ, ತಂಗಡಗಿ ಎಂಬ ಎರಡು ಊರುಗಳು ಇಲ್ಲಿವೆ. ಇತಿಹಾಸದ ಪುಸ್ತಕದಲ್ಲಿ ಎರಡೂ ಕೂಡಿ ರಕ್ಕಸ ತಂಗಡಿ. ವಿಜಯನಗರದ ರಾಮರಾಯನ ಸೈನ್ಯಕ್ಕೂ ದಖ್ಖನದ ಸುಲ್ತಾನರ ಕೂಟಕ್ಕೂ ಯುದ್ಧವಾದದ್ದು 1565ರ ಜನವರಿ 23ರಂದು. ತಾಳಿಕೋಟೆ ಕದನವೆಂದು ಪರೀಕ್ಷೆಗೆ ಓದುವುದು ಇದನ್ನೇ, ತಾಳಿಕೋಟೆ ಇಲ್ಲಿಂದ ದೂರವಿದ್ದರೂ. ಚಳಿಗಾಲದಲ್ಲಿ ಕೃಷ್ಣೆ ಇಳಿದು, ಸೈನ್ಯ ನಡೆದು ದಾಟಬಹುದಾದ ಕಡವು ಇಲ್ಲಿತ್ತು. ಅದನ್ನು ವಿಜಯನಗರದವರು ಕಾಯುತ್ತಿದ್ದರು. ಸುಲ್ತಾನರು ಬೇರೆ ಕಡವು ಹುಡುಕುವವರಂತೆ ದಂಡೆಗುಂಟ ಸಾಗಿದರು; ಆಚೆ ದಂಡೆಯಲ್ಲಿ ಕಾವಲು ಪಡೆಯೂ ಸರಿಯಿತು; ಇವರು ಥಟ್ಟನೆ ಹಿಂದಿರುಗಿ ಬಂದು ದಾಟಿದರು ಎಂದು ಫೆರಿಸ್ತಾ ಬರೆದಿದ್ದಾನೆ. ಆನೆ, ಕುದುರೆ, ತೋಪುಗಳು ದಾಟಿದ ಆ ಸೀಮೆಯಲ್ಲಿ ಇಂದು ಜನವರಿಯಲ್ಲಿ ಮನುಷ್ಯ ಕಾಲಿಟ್ಟು ದಾಟಲಾರ. ನಾರಾಯಣಪುರದ ಹಿನ್ನೀರು ನಿಂತಿದೆ. ಸೇತುವೆಯ ಮೇಲೆ ಬಸ್ಸು ಎರಡು ನಿಮಿಷದಲ್ಲಿ ದಾಟಿಬಿಟ್ಟಿತು.

ತಂಗಡಗಿ ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ಸ್ಥಳ. ಹೊಳೆಯ ಈಚೆ ಅವಳು, ಆಚೆ ಕೂಡಲಸಂಗಮದಲ್ಲಿ ಅವನು. ನಾರಾಯಣಪುರದ ನೀರು ಏರುವಾಗ ಸಂಗಮದ ಐಕ್ಯಮಂಟಪವನ್ನು ಎಬ್ಬಿಸಿ ಬೇರೆಡೆ ಒಯ್ಯಲಿಲ್ಲ. ಇದ್ದಲ್ಲಿಯೇ ಉಳಿಸಿ ಸುತ್ತ ಭಾರಿ ಬಾವಿಯಂಥ ಗೋಡೆ ಕಟ್ಟಿದರು. ಹೊರಗೆ ಹೊಳೆ, ಒಳಗೆ ಮೆಟ್ಟಿಲು. ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಅಂಗೈಯಗಲದ ಜಾಗದ ಮೇಲೆ ಕ್ವಿಂಟಲ್‌ನಷ್ಟು ಭಾರ. ಚೌಕ ಗೋಡೆಯಾದರೆ ನಡುವೆ ಬಾಗುತ್ತದೆ. ದುಂಡಗಿನ ಗೋಡೆಯಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ ಹಿಡಿಯುತ್ತದೆ. ನಮ್ಮ ಹೊಲದ ಬಾವಿಗಳು ದುಂಡಗಿರುವುದಕ್ಕೂ ಇದೇ ಕಾರಣ.

ಸಂಜೆಯ ಬಿಸಿಲಿನಲ್ಲಿ ಮಕ್ಕಳು ಸಾಲಾಗಿ ಇಳಿದರು. ತಾಯಿ ಕೊನೆಗೆ ಇಳಿದರು, ಮೆಟ್ಟಿಲು ಎಣಿಸುತ್ತ. ಒಂದು ಹಂತದಲ್ಲಿ ನಿಂತು ಗೋಡೆಗೆ ಅಂಗೈ ಇಟ್ಟರು. ಗೋಡೆ ತಣ್ಣಗಿತ್ತು. ಮಗಳು ಮೇಲೆ ನೋಡಿ, ಹೊರಗಿನ ನೀರಿನ ಮಟ್ಟ ಎಲ್ಲಿರಬಹುದೆಂದು ಅಂದಾಜು ಮಾಡಿ, “ಅವ್ವಾ, ಈಗ ನಾವು ನಿಮ್ಮ ಹೊಲದಷ್ಟ ಕೆಳಗದೀವಿ” ಎಂದಳು. ಲೆಕ್ಕದಲ್ಲಿ ಅದು ತಪ್ಪು. ಬೇರೆ ಜಲಾಶಯ, ಬೇರೆ ಮಟ್ಟ. ಮುಖ್ಯೋಪಾಧ್ಯಾಯಿನಿಗೆ ಕೇಳಿಸಿತು, ತಿದ್ದಲಿಲ್ಲ.

ಆರೂವರೆಗೆ ಬಸ್ಸು ಹೊರಟಿತು. ತಾಳಿಕೋಟೆ, ಸಿಂದಗಿ ಮಾರ್ಗವಾಗಿ ಉತ್ತರಕ್ಕೆ. ಬೆಳಿಗ್ಗೆ ಜಾಕೆಟಿನ ತಕರಾರು ತೆಗೆದಿದ್ದ ಪಾಲಕರು ಬಾಗಿಲಲ್ಲಿ ನಿಂತು ತಲೆ ಎಣಿಸಿದರು. ಮೂವತ್ತೇಳಕ್ಕೆ ನಿಂತಿತು. ಮತ್ತೊಮ್ಮೆ ಎಣಿಸಿದರು, ಮತ್ತೆ ಮೂವತ್ತೇಳು. ಗಾಬರಿಯಾಗಿ ಇಳಿಯಹೊರಟಾಗ, ಎಣಿಸುವವನನ್ನೂ ಎಣಿಸಬೇಕು ಅಂತ ಹಿಂದಿನ ಸೀಟಿನ ಹುಡುಗನೊಬ್ಬ ಕೂಗಿದ.